ಪಾರ್ಕಿನ್ಸನ್ ಇದ್ದವರ ಕೊಲೆಸ್ಟ್ರಾಲ್ ರಿಪೋರ್ಟ್: ನೋಡುವುದು ಹೇಗೆ?

ಮನೆಯಲ್ಲಿ ಪಾರ್ಕಿನ್ಸನ್ ಇರುವ ಹಿರಿಯರಿದ್ದು, ಮರೆವೂ ಶುರುವಾಗಿದ್ದರೆ ಸಲಹೆಗಳಿಗೆ ಬರವಿಲ್ಲ. ‘ಕೊಲೆಸ್ಟ್ರಾಲ್ ಮಾತ್ರೆಯಿಂದಲೇ ಮರೆವು, ನಿಲ್ಲಿಸಿ’ ಎನ್ನುವವರು ಒಂದು ಕಡೆ, ‘ಕೊಲೆಸ್ಟ್ರಾಲ್ ಇಳಿಸಿದರೆ ಮಿದುಳು ಉಳಿಯುತ್ತದೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತನ್ನೂ ಕೇಳಿ ಸುಮ್ಮನಿರುವುದೇ ಲೇಸು. ಮಿದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿರುವುದು ನೇರವಾಗಿ ಒಳಗೆ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ 235 ಪಾರ್ಕಿನ್ಸನ್ ರೋಗಿಗಳನ್ನು ಸೇರಿಸಿಕೊಂಡು ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯ ಪ್ರಯೋಗ ನಡೆಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ರೋಗ ಮುಂದುವರಿಯುವುದನ್ನು ಅದು ತಡೆಯಲಿಲ್ಲ.

ಹಾಗಾದರೆ ಕೊಲೆಸ್ಟ್ರಾಲ್ ನೋಡುವ ಲಿಪಿಡ್ ಪರೀಕ್ಷೆ ಯಾಕೆ? ಹೃದಯಕ್ಕಾಗಿ, ರಕ್ತನಾಳಗಳಿಗಾಗಿ. ಮೊದಲೇ ದಣಿದ ಮಿದುಳಿಗೆ ಸಣ್ಣಪುಟ್ಟ ಪಾರ್ಶ್ವವಾಯು ಸೇರಿಕೊಂಡರೆ ಬುದ್ಧಿಶಕ್ತಿ ಇನ್ನಷ್ಟು ಕುಗ್ಗುತ್ತದೆ.

ರಕ್ತ ಕೊಡುವ ದಿನ

‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಲ್ಯಾಬ್‌ನವರು ಹೇಳಿದ ಕೂಡಲೇ ಎಷ್ಟೋ ಮನೆಗಳಲ್ಲಿ ಪಾರ್ಕಿನ್ಸನ್‌ಗೆ ಕೊಡುವ ಬೆಳಗಿನ ಲೆವೊಡೋಪಾ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಎಂಟು ಗಂಟೆಗೆ ಲ್ಯಾಬಿನ ಕುರ್ಚಿಯಲ್ಲಿ ಕೂತವರಿಗೆ ಹೆಸರು ಕರೆದಾಗ ಏಳಲಾಗುವುದಿಲ್ಲ, ಕೈಕಾಲು ಮರಗಟ್ಟಿರುತ್ತದೆ. ಉಪವಾಸ ಊಟ ತಿಂಡಿಗೆ, ಈ ಮಾತ್ರೆಗಲ್ಲ. ನಿಗದಿತ ಹೊತ್ತಿಗೆ ನೀರಿನೊಂದಿಗೆ ಕೊಡಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇದ್ದರೆ ಮಾತ್ರ ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಳ್ಳಿ. ಲಿಪಿಡ್ ಪರೀಕ್ಷೆಗಷ್ಟೇ ಆದರೆ ಈಗ ಹಲವು ವೈದ್ಯರು ಉಪವಾಸವನ್ನೂ ಕೇಳುವುದಿಲ್ಲ. ಉಪವಾಸ ಬೇಕೆಂದರೆ ಬೆಳಗಿನ ಮೊದಲ ಸರದಿ ಹಿಡಿಯಿರಿ, ಡಬ್ಬಿಯಲ್ಲಿ ಇಡ್ಲಿ ಇರಲಿ.

ರಿಪೋರ್ಟ್ ಬಂದ ಮೇಲೆ

ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಸಾಮಾನ್ಯವಾಗಿ 100ರ ಒಳಗಿರಬೇಕು. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ 70ಕ್ಕಿಂತ ಕಡಿಮೆ. ಟ್ರೈಗ್ಲಿಸರೈಡ್ 150ರ ಒಳಗೆ. ಅದು 400 ದಾಟಿದ್ದರೆ ಲೆಕ್ಕ ಹಾಕಿ ಬರೆದ ಎಲ್‌ಡಿಎಲ್ ಅಂಕಿಯನ್ನು ನಂಬುವಂತಿಲ್ಲ.

ಇದರ ಪಕ್ಕದಲ್ಲೇ ದೇಹದ ತೂಕವನ್ನೂ ಬರೆದಿಡಿ. ಮಾತ್ರೆ ಬದಲಾಗದೆ ಕೊಲೆಸ್ಟ್ರಾಲ್ ತಾನಾಗಿ ಇಳಿದಿದ್ದರೆ ಖುಷಿಪಡಬೇಡಿ. ಪಾರ್ಕಿನ್ಸನ್‌ನಲ್ಲಿ ನುಂಗುವುದು ಕಷ್ಟವಾಗಿ, ರುಚಿ ವಾಸನೆ ಹೋಗಿ ತೂಕ ಇಳಿಯುತ್ತದೆ. ಕೊಲೆಸ್ಟ್ರಾಲೂ ಅದರ ಜೊತೆ ಇಳಿಯಬಹುದು. ಇಂಥವರಿಗೆ ಎಣ್ಣೆ ತುಪ್ಪವನ್ನೆಲ್ಲ ಬಿಡಿಸುವ ಪಥ್ಯ ನನಗಂತೂ ಒಪ್ಪಿಗೆಯಿಲ್ಲ.

ಮರೆವಿನ ಲೆಕ್ಕ

ಈ ಕಾಯಿಲೆಯಲ್ಲಿ ಮೊಮ್ಮಕ್ಕಳ ಹೆಸರು ಮರೆಯುವುದಕ್ಕಿಂತ ಮೊದಲು ಕೆಲಸದ ಕ್ರಮ ತಪ್ಪುತ್ತದೆ. ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಮುಂದೇನು ಎಂದು ಲೋಟ ಹಿಡಿದು ನಿಲ್ಲುವುದು. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹತ್ತದಿರುವುದು. ಇಂಥದ್ದು ಕಂಡಾಗ ದಿನಾಂಕ, ಹೊತ್ತು, ಮಾತ್ರೆ ಕೊಟ್ಟು ಎಷ್ಟು ತಾಸಾಗಿತ್ತು ಎಂಬುದನ್ನು ಬರೆದಿಡಿ. ವೈದ್ಯರ ಬಳಿ ಮೋಕಾ ಎಂಬ 30 ಅಂಕದ ಪರೀಕ್ಷೆ ಇದೆ. 26ಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು. ಓದು ಕಡಿಮೆಯಿದ್ದವರಿಗೆ ಅದೇ ಅಳತೆಗೋಲು ಹಿಡಿಯಬಾರದು.

ಸರಿಪಡಿಸಬಹುದಾದ ಕಾರಣಗಳನ್ನು ಕೊಲೆಸ್ಟ್ರಾಲಿಗಿಂತ ಮೊದಲು ಹುಡುಕಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಹಿರಿಯರ ನೆನಪನ್ನು ಮಬ್ಬಾಗಿಸುತ್ತದೆ. ನಿದ್ದೆ ಮಾತ್ರೆಯೂ ಹಾಗೇ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ, ಲೆವೊಡೋಪಾ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಥೈರಾಯ್ಡ್, ಖಿನ್ನತೆ ಇವನ್ನೂ ನೋಡಿಸಿ. ಬಿಪಿಯನ್ನು ಮಲಗಿದಾಗೊಮ್ಮೆ, ಎದ್ದು ನಿಂತು 3 ನಿಮಿಷದೊಳಗೆ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಿ. ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ಮೂತ್ರದ ಸೋಂಕು, ನೀರಿನ ಕೊರತೆಯಂಥ ಕಾರಣ ಇರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ಭೇಟಿಗೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿದಂತೆ, ಒಂದೇ ಚೀಲದಲ್ಲಿ ಒಯ್ದು ನರರೋಗ ತಜ್ಞರ ಮುಂದಿಡಿ. ಅಲ್ಲಿಯವರೆಗೆ ಕೊಲೆಸ್ಟ್ರಾಲ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಲೆವೊಡೋಪಾವನ್ನಂತೂ ಒಮ್ಮೆಲೇ ನಿಲ್ಲಿಸಲೇಬಾರದು. ಅದು ಪ್ರಾಣಕ್ಕೇ ಅಪಾಯ.