ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಎನ್ನಬೇಡಿ



ಕ್ರಿಸ್‌ಮಸ್‌ಗೆ ಇನ್ನು ಕೆಲವೇ ದಿನ. ನೀವು ಆಚರಿಸುವ ಹಬ್ಬ ಬೇರೆಯದಾದರೂ ಇದನ್ನು ಪೂರ್ತಿ ಓದಿ. ವಿಷಯ ಎಲ್ಲ ಮನೆಗಳದ್ದೂ ಹೌದು.

ಮುಂಬೈಯಲ್ಲಿ ನೆಲೆಸಿರುವ ಮಂಗಳೂರು ಕಡೆಯ ಒಂದು ಕುಟುಂಬ. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಡಿಸೆಂಬರ್ ಮೂರನೇ ವಾರ ಎಂದರೆ ಆ ಮನೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಮಗಳ ಶಾಲೆಯ ವಾರ್ಷಿಕೋತ್ಸವ, ಬಾಲ್ಕನಿಯಲ್ಲಿ ನಕ್ಷತ್ರ, ಮೂಲೆಯಲ್ಲಿ ಗೋದಲಿ, ನೆರೆಹೊರೆಗೆ ಹಂಚಲು ಕುಸ್ವಾರ್. ತಾಯಿ ಕಚೇರಿಯಿಂದ ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಮನೆಗೆ ಬಂದು ಹಿಟ್ಟು ಕಲಸುತ್ತಿದ್ದರು. ಮಕ್ಕಳು ಅದರ ಪುಟ್ಟ ಉಂಡೆಗಳನ್ನು ಫೋರ್ಕಿನ ಮೇಲೆ ಒತ್ತಿ ಕಿಡ್ಯೊ ಸುತ್ತುತ್ತಿದ್ದರು. ಎಲ್ಲ ಕರಿದು ಮಲಗುವಾಗ ರಾತ್ರಿ 1 ಗಂಟೆ.

ಆ ತಾಯಿಗೆ 42 ವರ್ಷ. ಡಿಸೆಂಬರ್ 22ರ ರಾತ್ರಿ ಒಲೆಯ ಮುಂದೆ ನಿಂತಿದ್ದಾಗ ದವಡೆ ನೋವು, ಬೆನ್ನಿನ ಮೇಲ್ಭಾಗದಲ್ಲಿ ಭಾರ, ಮೈಯೆಲ್ಲ ತಣ್ಣನೆಯ ಬೆವರು. ಎದೆನೋವು ಇರಲಿಲ್ಲ. ಗ್ಯಾಸ್ ಇರಬೇಕೆಂದು ಜೀರಿಗೆ ನೀರು ಕುಡಿದರು. "ಆಸ್ಪತ್ರೆಗೆ ಹೋಗೋಣ" ಎಂದು ಗಂಡ ಕರೆದಾಗ ಅವರು ಕೊಟ್ಟ ಉತ್ತರ: "ಈ ಹೊತ್ತಲ್ಲಿ ಮಕ್ಕಳನ್ನು ಎಲ್ಲಿ ಬಿಡೋದು? ಹಬ್ಬ ಮುಗಿಯಲಿ, ಆಮೇಲೆ ನೋಡೋಣ."

ಮರುದಿನ ಮಧ್ಯಾಹ್ನ ಏದುಸಿರು ಬಂದ ಮೇಲೆ ನಮ್ಮಲ್ಲಿಗೆ ಬಂದರು. ಹೃದಯಾಘಾತವಾಗಿ ಹದಿನೈದು ಗಂಟೆ ಕಳೆದಿತ್ತು. ಜೀವ ಉಳಿಯಿತು. ಆದರೆ ಹೃದಯದ ಪಂಪಿಂಗ್ ಸಾಮರ್ಥ್ಯ 38ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಇದು 55ಕ್ಕಿಂತ ಮೇಲಿರಬೇಕು. ಆ ರಾತ್ರಿಯೇ ಬಂದಿದ್ದರೆ ಬಹಳಷ್ಟು ಸ್ನಾಯುವನ್ನು ಉಳಿಸಿಕೊಳ್ಳಬಹುದಿತ್ತು. ಈಗ ಮಗನನ್ನು ಎತ್ತಿಕೊಂಡು ಎರಡು ಮಹಡಿ ಹತ್ತಿದರೆ ಅವರಿಗೆ ದಮ್ಮು ಕಟ್ಟುತ್ತದೆ.

*ಹಬ್ಬಕ್ಕೂ ಹೃದಯಕ್ಕೂ ಏನು ಸಂಬಂಧ?*

ಸ್ವೀಡನ್ ದೇಶದಲ್ಲಿ 1998ರಿಂದ 2013ರವರೆಗೆ ಆದ 2,83,014 ಹೃದಯಾಘಾತಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹಬ್ಬದ ಹಿಂದಿನ ಹಾಗೂ ಮುಂದಿನ ವಾರಗಳಿಗೆ ಹೋಲಿಸಿದರೆ ಡಿಸೆಂಬರ್ 24ರಂದು ಅಪಾಯ ಶೇಕಡಾ 37ರಷ್ಟು ಹೆಚ್ಚಿತ್ತು. ಅದರಲ್ಲೂ ರಾತ್ರಿ 10 ಗಂಟೆಯ ಸುಮಾರಿಗೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಚಳಿಯೊಂದೇ ಕಾರಣ ಎನ್ನುವಂತಿಲ್ಲ. ಅಲ್ಲಿ ಬೇಸಿಗೆಯ ಜೂನ್ ಹಬ್ಬದಲ್ಲೂ ಶೇಕಡಾ 12ರಷ್ಟು ಏರಿಕೆ ಕಂಡಿತ್ತು.

ನಿದ್ದೆಗೆಟ್ಟ ರಾತ್ರಿಗಳು, ಒತ್ತಡ, ಉಪ್ಪು-ಎಣ್ಣೆಯ ಭಾರೀ ಊಟ, ಮದ್ಯ, ಮರೆತುಹೋದ ಮಾತ್ರೆ ಇವೆಲ್ಲ ಹೃದಯಕ್ಕೆ ಹೊರೆ. ಇವಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಮುಂದೂಡುವ ಅಭ್ಯಾಸ. ರಕ್ತನಾಳ ಪೂರ್ತಿ ಮುಚ್ಚಿಕೊಂಡರೆ ಅರ್ಧ ಗಂಟೆಯೊಳಗೆ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ.

*ಈ ಲಕ್ಷಣಗಳನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ*

ಎದೆಯಲ್ಲಿ ಒತ್ತಿದಂತೆ ಭಾರ. ದವಡೆ, ಭುಜ, ತೋಳು, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ತಣ್ಣನೆಯ ಬೆವರು, ಏದುಸಿರು, ವಾಂತಿ ಬಂದಂತಾಗುವುದು, ಕಾರಣವಿಲ್ಲದ ವಿಪರೀತ ಸುಸ್ತು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇದ್ದವರಲ್ಲಿ ಎದೆನೋವು ಇಲ್ಲದೆಯೂ ಹೃದಯಾಘಾತ ಆಗಬಹುದು.

ಆ ತಾಯಿಗೆ ಎರಡನೇ ಬಸಿರಿನಲ್ಲಿ ಸಕ್ಕರೆ ಏರಿತ್ತು. ಹೆರಿಗೆಯಾದ ಮೇಲೆ ಸರಿಹೋಯಿತೆಂದು ಮತ್ತೆ ಪರೀಕ್ಷೆ ಮಾಡಿಸಿರಲೇ ಇಲ್ಲ. ಬಸಿರಿನಲ್ಲಿ ಸಕ್ಕರೆ ಅಥವಾ ಬಿಪಿ ಏರಿದ್ದವರಿಗೆ ಮುಂದೆ ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚು. ಅಂಥವರು ತಪ್ಪದೆ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು.

*ಹಬ್ಬದ ಮೊದಲು ಇಷ್ಟು ಮಾಡಿ*

1. ಊರಿನಿಂದ ದೂರ ಇರುವ ನಮಗೆ ಅಜ್ಜ-ಅಜ್ಜಿ ಹತ್ತಿರವಿಲ್ಲ. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಮಕ್ಕಳು ಯಾರ ಮನೆಯಲ್ಲಿ ಇರುತ್ತಾರೆ ಎಂದು ಇವತ್ತೇ ತೀರ್ಮಾನಿಸಿ. ಪಕ್ಕದ ಮನೆಯವರನ್ನು ಕೇಳಿ. ಸಂಕೋಚ ಬೇಡ. ನಾಳೆ ಅವರಿಗೂ ನೀವು ಬೇಕಾಗಬಹುದು.

2. 24 ಗಂಟೆಯೂ ಆಂಜಿಯೋಪ್ಲಾಸ್ಟಿ ಮಾಡುವ ಹತ್ತಿರದ ಆಸ್ಪತ್ರೆ ಯಾವುದೆಂದು ಫೋನ್ ಮಾಡಿ ತಿಳಿದುಕೊಳ್ಳಿ.

3. ಬಿಪಿ, ಸಕ್ಕರೆ, ಹೃದಯದ ಮಾತ್ರೆಗಳು ಜನವರಿ ಮೊದಲ ವಾರದವರೆಗೆ ಸಾಕಾಗುವಷ್ಟು ಇವೆಯೇ ಎಂದು ಎಣಿಸಿ ನೋಡಿ.

4. ಮಗುವಿಗೆ 112 ಸಂಖ್ಯೆ ಮತ್ತು ಮನೆಯ ವಿಳಾಸ ಬಾಯಿಪಾಠ ಮಾಡಿಸಿ. ಬೀಗ ಹಾಕಿದ ಮೊಬೈಲಿನಿಂದಲೂ ತುರ್ತು ಕರೆ ಮಾಡುವುದನ್ನು ತೋರಿಸಿಕೊಡಿ.

*ಲಕ್ಷಣ ಕಂಡರೆ*

ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ. ಮನೆಯ ಬಾಗಿಲು ತೆರೆದಿಡಿ. 108 ಅಥವಾ 112ಕ್ಕೆ ಕರೆ ಮಾಡಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ತಡವಾದರೆ ಕೇಳಿ ಮಾಡಿಸಿಕೊಳ್ಳಿ. ಆಸ್ಪಿರಿನ್ ಕೊಡಬೇಕೇ ಎಂದು ಫೋನಿನಲ್ಲಿ ವೈದ್ಯರನ್ನು ಕೇಳಿ. ನಾಲಿಗೆಯಡಿ ಇಡುವ ಮಾತ್ರೆಯನ್ನು ವೈದ್ಯರು ಹೇಳದೆ ಕೊಡಬೇಡಿ, ಬಿಪಿ ಕುಸಿಯಬಹುದು. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎನ್ನುವ ಸಂದೇಶ ಸುಳ್ಳು. ಅದನ್ನು ಅಳಿಸಿಹಾಕಿ.

ಪರೀಕ್ಷೆಯಲ್ಲಿ ಬರೀ ಗ್ಯಾಸ್ ಎಂದು ಗೊತ್ತಾದರೆ ನಾಚಿಕೊಳ್ಳಬೇಡಿ. ಅಂಥವರನ್ನು ಮನೆಗೆ ಕಳುಹಿಸುವುದು ನಮಗೂ ಸಂತೋಷವೇ. ಈ ಸಲ ಕುಸ್ವಾರ್ ಒಂದೆರಡು ಬಗೆ ಕಡಿಮೆಯಾದರೂ ಮಕ್ಕಳಿಗೆ ಬೇಸರವಾಗದು. ಅವರಿಗೆ ಹಬ್ಬಕ್ಕೆ ಅಮ್ಮ, ಅಪ್ಪ ಬೇಕು.

ಎಲ್ಲರಿಗೂ ಹಬ್ಬದ ಶುಭಾಶಯಗಳು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುವವರಿಗೆ ಇದನ್ನು ಮೊದಲು ಕಳುಹಿಸಿ.