ಕಾರಿನ ಹಿಂದೆ ಸಾಗುವ ಹಾಯಿದೋಣಿ

ಮೋಟಾರು ಕಾರಿನ ಹಿಂದೆ ಎರಡು ಗಾಲಿಯ ಗಾಡಿಯೊಂದನ್ನು ಕಟ್ಟಿ, ಅದರ ಮೇಲೆ ಹಾಯಿದೋಣಿಯನ್ನೇರಿಸಿ, ಮನೆಯಂಗಳದಿಂದ ಕಡಲತೀರಕ್ಕೆ ಕೊಂಡೊಯ್ಯುವುದು ಇಂಗ್ಲೆಂಡಿನಲ್ಲಿ ಸಾಮಾನ್ಯ ನೋಟ. ಒಂದು ದಿನ ಮೀನು ಹಿಡಿಯಲು, ಇನ್ನೊಂದು ದಿನ ಸುಮ್ಮನೆ ವಿಹರಿಸಲು, ರಜೆ ದೊರೆತಾಗ ತೀರದುದ್ದಕ್ಕೂ ಯಾತ್ರೆ ಹೊರಡಲು ಅದೊಂದೇ ಸಾಕು. ಆದರೆ ಇಂತಹ ದೋಣಿಯ ರಚನೆಯಲ್ಲಿ ಒಂದು ವಿರೋಧವಿದೆ. ಗಾಡಿಯನ್ನೇರಬೇಕಾದರೆ ಅದು ಹಗುರವಾಗಿಯೂ ಆಳವಿಲ್ಲದುದಾಗಿಯೂ ಇರಬೇಕು. ಗಾಳಿಯನ್ನೆದುರಿಸಿ ಸಾಗಬೇಕಾದರೆ ಆಳವೂ ಬೇಕು, ಭಾರವೂ ಬೇಕು. ಇವನ್ನು ಕೂಡಿಸುವ ಬಗೆ ಹೇಗೆ?

1957ರಲ್ಲಿ ಇಯನ್ ಪ್ರಾಕ್ಟರ್ ಎಂಬ ಆಂಗ್ಲ ವಿನ್ಯಾಸಕಾರನು ರಚಿಸಿದ ‘ವೇಫೇರರ್’ ದೋಣಿಯನ್ನು ಪರಿಶೀಲಿಸೋಣ. ಅದರ ಉದ್ದ 4.82 ಮೀಟರು, ಅಗಲ 1.85 ಮೀಟರು, ಒಡಲಿನ ತೂಕ ಸುಮಾರು 170 ಕಿಲೋಗ್ರಾಂ.

ಗಾಳಿಗೆ ಓರೆಯಾಗಿ ಮುಂದುವರಿಯುವಾಗ ಹಾಯಿಯ ಮೇಲಿನ ಬಲದ ಬಹುಭಾಗವು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ; ಅಲ್ಪಭಾಗ ಮಾತ್ರ ಮುಂದಕ್ಕೆ ಒಯ್ಯುತ್ತದೆ. ಆಳವಿಲ್ಲದ ಒಡಲು ತರಗೆಲೆಯಂತೆ ಪಕ್ಕಕ್ಕೆ ಸರಿದುಹೋಗಬೇಕಷ್ಟೆ. ಇದನ್ನು ತಡೆಯುವುದು ದೋಣಿಯ ನಡುವಣ ಸೀಳಿನ ಮೂಲಕ ನೀರಿಗಿಳಿಯುವ ಒಂದು ಹಲಗೆ. ಹಲಗೆಯನ್ನು ಮೇಲಕ್ಕೆತ್ತಿದರೆ ಈ ದೋಣಿ ತೇಲಲು 20 ಸೆಂಟಿಮೀಟರು ನೀರು ಸಾಕು. ಇಳಿಸಿದರೆ ಅದು 1.17 ಮೀಟರು ಆಳಕ್ಕೆ ಮುಟ್ಟುತ್ತದೆ. ಹಲಗೆಯು ನೀರಿಗೆ ಅಡ್ಡ ನಿಂತ ಗೋಡೆ ಮಾತ್ರವೆಂದು ಭಾವಿಸಬಾರದು. ದೋಣಿ ತನ್ನ ನೇರಕ್ಕೆ ಕೆಲವು ಡಿಗ್ರಿಗಳಷ್ಟು ಓರೆಯಾಗಿಯೇ ಚಲಿಸುವುದರಿಂದ, ನೀರು ಹಲಗೆಯನ್ನು ಓರೆಯಾಗಿ ಸಂಧಿಸುತ್ತದೆ. ವಿಮಾನದ ರೆಕ್ಕೆಯನ್ನು ಎತ್ತುವ ಜಾತಿಯ ಬಲವೇ ಇಲ್ಲಿ ದೋಣಿಯನ್ನು ಗಾಳಿಯ ದಿಕ್ಕಿಗೆ ಒತ್ತುತ್ತದೆ. ನೀರು ಗಾಳಿಗಿಂತ 800 ಪಟ್ಟಿಗೂ ಮಿಕ್ಕಿ ಸಾಂದ್ರವಾದುದರಿಂದ, ಕಿರಿದಾದ ಹಲಗೆ ವಿಶಾಲವಾದ ಹಾಯಿಯನ್ನು ಸರಿಗಟ್ಟಬಲ್ಲುದು. ಚಲನೆ ನಿಂತರೆ ಈ ಬಲವೂ ಇಲ್ಲ.

ಆಳದ ಪ್ರಶ್ನೆ ಹೀಗೆ ಬಗೆಹರಿಯಿತು. ಭಾರದ ಪ್ರಶ್ನೆ ಹೆಚ್ಚು ಕಠಿನ. ಹಾಯಿಯ ಬಲ ಮೇಲೆ, ಹಲಗೆಯ ಬಲ ಕೆಳಗೆ, ವಿರುದ್ಧ ದಿಕ್ಕುಗಳಲ್ಲಿ ವರ್ತಿಸಿ ದೋಣಿಯನ್ನು ಮಗುಚಲು ಯತ್ನಿಸುತ್ತವೆ. ದೊಡ್ಡ ನಾವೆಗಳಲ್ಲಿ ತಳಕ್ಕೆ ಬಿಗಿದ ಸೀಸ ಇದನ್ನು ತಡೆಯುತ್ತದೆ. ಇಲ್ಲಿ ಸೀಸದ ಕೆಲಸ ಮಾಡುವವರು ಪ್ರಯಾಣಿಕರೇ! ತಲಾ 70 ಕಿಲೋಗ್ರಾಂ ತೂಕದ ಇಬ್ಬರು ಗಾಳಿ ಬರುವ ಕಡೆಯ ಅಂಚಿನಲ್ಲಿ, ನಡುಗೆರೆಯಿಂದ 0.9 ಮೀಟರು ದೂರ ಕುಳಿತರೆಂದು ಎಣಿಸೋಣ. ಅವರ ತೂಕದ ಭ್ರಾಮಕ 126 ಕಿಲೋಗ್ರಾಂ-ಮೀಟರು. ಹಾಯಿಯ ಹಾಗೂ ಹಲಗೆಯ ಬಲಕೇಂದ್ರಗಳ ನಡುವಣ ಅಂತರ 3 ಮೀಟರೆಂದು ಹಿಡಿದರೆ, ದೋಣಿಯನ್ನು ನೆಟ್ಟಗಿರಿಸಿಕೊಂಡು ಅವರು ತಡೆಯಬಲ್ಲ ಪಕ್ಕದ ಬಲ 42 ಕಿಲೋಗ್ರಾಂ ಮಾತ್ರ. ದೋಣಿ ತುಸು ವಾಲಿದಾಗ ಒಡಲಿನ ಅಗಲವೂ ನೆರವಿಗೆ ಬರುವುದು ನಿಜ. ಆದರೆ ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಮಡಿಯಾಗುತ್ತದೆ. ಕುಳಿತವರ ತೂಕ ಹೆಚ್ಚುವುದಿಲ್ಲ. ಆದುದರಿಂದಲೇ ಬಲ್ಲ ನಾವಿಕನು ಗಾಳಿ ಏರುವ ಮೊದಲೇ ಹಾಯಿಯನ್ನು ಮಡಿಸಿ ಕಿರಿದುಗೊಳಿಸುತ್ತಾನೆ.

ಈ ಲೆಕ್ಕವನ್ನು ಪ್ರಾಣವನ್ನೇ ಪಣವಾಗಿಟ್ಟು ಪರೀಕ್ಷಿಸಿದವರು ಫ್ರಾಂಕ್ ಡೈ. ಇದೇ ಜಾತಿಯ ‘ವಾಂಡರರ್’ ಎಂಬ ದೋಣಿಯಲ್ಲಿ, ಒಬ್ಬ ಸಂಗಡಿಗನೊಡನೆ, ಅವರು 1963ರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೆ ಹೋದರು. 1964ರ ನಾರ್ವೆ ಯಾತ್ರೆಯಲ್ಲಿ ಬಿರುಗಾಳಿ ಎರಗಿತು. ಅಂತಹ ವೇಳೆ ಅವರ ಕ್ರಮವೆಂದರೆ ಹಾಯಿಯನ್ನಷ್ಟೇ ಅಲ್ಲದೆ ಹಾಯಿಮರವನ್ನೂ ಮಲಗಿಸಿ, ಕ್ಯಾನ್ವಾಸಿನ ತೇಲುಲಂಗರನ್ನು ನೀರಿಗೆ ಬಿಟ್ಟು, ದೋಣಿಯ ಮೂತಿಯನ್ನು ಅಲೆಗಳಿಗೆ ಎದುರಾಗಿ ಹಿಡಿಯುವುದು. ಅಲೆ ಪಕ್ಕದಿಂದ ಬಡಿದರೆ ತಡೆಯಲು 1.85 ಮೀಟರಿನ ಅಗಲವಷ್ಟೇ ಇದೆ. ಎದುರಿನಿಂದ ಬಡಿದರೆ 4.82 ಮೀಟರಿನ ಉದ್ದವಿದೆ. ಆದರೂ ದೋಣಿ ಹಲವು ಬಾರಿ ಮಗುಚಿತು, ಹಾಯಿಮರ ಮುರಿಯಿತು. ಇಬ್ಬರೂ ಅದನ್ನು ಮತ್ತೆ ನೆಟ್ಟಗೆ ಮಾಡಿ, ನೀರು ಮೊಗೆದು ಚೆಲ್ಲಿ, ಉಳಿದ ಮರದ ತುಂಡಿಗೆ ಹಾಯಿ ಕಟ್ಟಿಕೊಂಡು ನಾರ್ವೆಯನ್ನು ಸೇರಿದರು.