ದುಡಿಮೆಯೂ ವಿದ್ಯೆಯೇ

ಓದು ಮೇಲು, ಕೈದುಡಿಮೆ ಕೀಳು ಎಂಬ ಭಾವನೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭೇದವನ್ನು ಅಳಿಸಲೆಂದೇ ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಕೈಕಸುಬಿನ ಮೂಲಕ ಕಲಿಸುವ ಮೂಲ ಶಿಕ್ಷಣವನ್ನು ಮುಂದಿಟ್ಟರು. ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿ, ಕಾರ್ಯಾನುಭವವು ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದು ಸಲಹೆ ಮಾಡಿತು.

ಇದರಿಂದ ಲಭಿಸುವುದೇನು? ಪಾಯಕ್ಕೆ ಗುರುತು ಹಾಕುವ ಗಾರೆ ಕೆಲಸದವನನ್ನು ಗಮನಿಸಿರಿ. ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು, ಆ ತುದಿಗಳ ನಡುವಣ ಅಂತರ ಸರಿಯಾಗಿ 5 ಅಡಿ ಬರುವಂತೆ ಅವನು ದಾರವನ್ನು ಹೊಂದಿಸುತ್ತಾನೆ. ಮೂಲೆ ಲಂಬಕೋನವಾಗುತ್ತದೆ. ನೀವು ಬಾಯಿಪಾಠ ಮಾಡುವ ಪೈಥಾಗೊರಸನ ಪ್ರಮೇಯ ಅಲ್ಲಿ ಗೋಡೆಯಾಗಿ ಏಳುತ್ತದೆ. ಆ ದಾರದ ಒಂದು ತುದಿಯನ್ನು ತಾನೇ ಹಿಡಿದ ವಿದ್ಯಾರ್ಥಿಯು ಪ್ರಮೇಯವನ್ನು ಮರೆಯಲಾರ. ಆ ಕೆಲಸಗಾರನನ್ನು ಹಗುರವಾಗಿ ಕಾಣಲಾರ.

ಅಂಗಡಿಯಲ್ಲಿ ಕೊಂಡ ಬುಟ್ಟಿಯನ್ನು ತಾನು ಹೆಣೆದದ್ದೆಂದು ಒಪ್ಪಿಸುವವನಿಗೆ ಅಂಕ ದೊರೆಯಬಹುದು, ಅನುಭವ ದೊರೆಯದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದು ಸೂಚಿಸಿದೆ. ಕುಂಬಾರರ ಮನೆಯ ಬಾಲಕನು ಅಂದು ತನ್ನ ತಂದೆಯನ್ನು ಗುರುಸ್ಥಾನದಲ್ಲಿ ಕಾಣುತ್ತಾನೆ. ಅವನ ಸಹಪಾಠಿಗಳೂ ಹಾಗೆಯೇ ಕಂಡರೆ ಕಾರ್ಯಾನುಭವವು ಸಾರ್ಥಕವಾಯಿತೆಂದು ತಿಳಿಯಬೇಕು.